ಚೆಂಡನ್ನೆತ್ತಿ ಓಡಿದ ಬಾಲಕ

ರಾಯಚೂರಿನ ಕೋಟೆಯ ಆಸುಪಾಸಿನ ಬಯಲುಗಳಲ್ಲಾಗಲಿ, ದೇವದುರ್ಗ, ಮಾನ್ವಿಗಳ ಶಾಲಾ ಮೈದಾನಗಳಲ್ಲಾಗಲಿ ಸಂಜೆಯ ಹೊತ್ತು ಮಕ್ಕಳು ಕಬಡ್ಡಿ ಆಡುವ ದೃಶ್ಯ ಅಪರೂಪವಲ್ಲ. ಉಸಿರು ಬಿಗಿಹಿಡಿದು ಎದುರಾಳಿಗಳ ಅಂಗಳಕ್ಕೆ ನುಗ್ಗಿದ ಆಟಗಾರನನ್ನು ನಾಲ್ಕೈದು ಮಂದಿ ಒಟ್ಟಾಗಿ ಹಿಡಿಯುತ್ತಾರೆ. ಅವನು ಅವರೆಲ್ಲರನ್ನೂ ಎಳೆದುಕೊಂಡೇ ನಡುಗೆರೆಯನ್ನು ಮುಟ್ಟಲು ಹೆಣಗುತ್ತಾನೆ. ಈ ಆಟವನ್ನು ಮೊಟ್ಟಮೊದಲು ಆಡಿದವರು ಯಾರು? ಯಾವ ಊರಿನಲ್ಲಿ, ಯಾವ ವರ್ಷದಲ್ಲಿ ಇದು ಹುಟ್ಟಿತು? ಈ ಪ್ರಶ್ನೆಗಳಿಗೆ ಯಾರೂ ಉತ್ತರ ಹೇಳಲಾರರು. ಚಿಣ್ಣಿದಾಂಡು, ಲಗೋರಿಗಳ ಕಥೆಯೂ ಹೀಗೆಯೇ. ಜನಸಾಮಾನ್ಯರ ಆಟಗಳಿಗೆ ಹೆಸರು ಹಿಡಿದು ಹೇಳಬಹುದಾದ ಜನಕನಿರುವುದಿಲ್ಲ. ಹಲವು ತಲೆಮಾರುಗಳ ಮಕ್ಕಳು ಆಡುತ್ತಾಡುತ್ತ, ಜಗಳವಾಡುತ್ತ, ರಾಜಿಯಾಗುತ್ತ ಅವುಗಳ ನಿಯಮಗಳನ್ನು ರೂಪಿಸಿರುತ್ತಾರೆ.

ಆದರೆ ಜಗತ್ತಿನ ಪ್ರಸಿದ್ಧ ಆಟಗಳಲ್ಲಿ ಒಂದಾದ ರಗ್ಬಿಗೆ ಮಾತ್ರ ಒಬ್ಬ ಜನಕನಿದ್ದಾನೆಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಅವನ ಹೆಸರು ವಿಲಿಯಂ ವೆಬ್ ಎಲಿಸ್. ಆಟ ಹುಟ್ಟಿದ ವರ್ಷ 1823; ಹುಟ್ಟಿದ ಸ್ಥಳ ಇಂಗ್ಲೆಂಡಿನ ರಗ್ಬಿ ಎಂಬ ಪಟ್ಟಣದ ಶಾಲೆಯ ಮೈದಾನ. ಇಂದು ಈ ಆಟದ ವಿಶ್ವಕಪ್ಪಿಗೆ ಅವನ ಹೆಸರನ್ನೇ ಇಡಲಾಗಿದೆ. ವಿಚಿತ್ರವೆಂದರೆ, ತಾನು ಒಂದು ಆಟದ ಜನಕನೆಂಬ ಸುದ್ದಿ ಎಲಿಸನ ಕಿವಿಗೆ ಬಿದ್ದ ಕುರುಹೇ ಇಲ್ಲ. ಆ ಕೀರ್ತಿ ಅವನನ್ನು ಹುಡುಕಿಕೊಂಡು ಬಂದದ್ದು ಅವನು ಮಣ್ಣಾದ ಮೇಲೆ. ಅದು ಹೇಗೆ ಬಂದಿತು, ಅದರಲ್ಲಿ ನಿಜವೆಷ್ಟು ಎಂಬುದನ್ನು ತಿಳಿಯಬೇಕಾದರೆ ಅವನ ಬಾಳಿನ ಕಥೆಯನ್ನು ಮೊದಲಿನಿಂದ ನೋಡಬೇಕು.

ಅದಕ್ಕೆ ಮುನ್ನ ರಗ್ಬಿ ಆಟದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ರಗ್ಬಿ ಯೂನಿಯನ್ ಎಂದು ಕರೆಯಲಾಗುವ ಮುಖ್ಯ ಪ್ರಕಾರದಲ್ಲಿ ಒಂದೊಂದು ತಂಡದಲ್ಲಿ 15 ಆಟಗಾರರಿರುತ್ತಾರೆ. ಚೆಂಡು ದುಂಡಗಿರದೆ ಮೊಟ್ಟೆಯಂತೆ ಉದ್ದವಾಗಿರುತ್ತದೆ. ಆಟಗಾರನು ಅದನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ಗೆರೆಯ ಕಡೆಗೆ ಓಡಬಹುದು. ಕಾಲಿನಿಂದ ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಇರುವ ತನ್ನವನಿಗೆ ಕೊಡಬೇಕು. ಚೆಂಡು ಹಿಡಿದವನನ್ನು ಎದುರಾಳಿಗಳು ತಬ್ಬಿ ಕೆಡವಬಹುದು. ಕಬಡ್ಡಿಯಲ್ಲಿ ಹಿಡಿತ ಬಿಡಿಸಿಕೊಂಡು ನಡುಗೆರೆಯತ್ತ ಚಾಚುವ ಆಟಗಾರನಂತೆಯೇ ರಗ್ಬಿ ಆಟಗಾರನೂ ಹಿಡಿತಗಳನ್ನು ಕೊಡವಿಕೊಂಡು ಎದುರಾಳಿಗಳ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಬೇಕು. ಇದಕ್ಕೆ ಟ್ರೈ, ಅಂದರೆ ಪ್ರಯತ್ನ, ಎಂದು ಹೆಸರು. ಆರಂಭದ ದಿನಗಳಲ್ಲಿ ಇದಕ್ಕೆ ಅಂಕವೇ ಇರಲಿಲ್ಲ. ಗುರಿಗಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಚೆಂಡನ್ನು ಒದೆಯಲು ಪ್ರಯತ್ನಿಸುವ ಹಕ್ಕು ಮಾತ್ರ ದೊರೆಯುತ್ತಿತ್ತು. ಹೆಸರು ಬಂದದ್ದು ಅದರಿಂದಲೇ. ಈಗ ಒಂದು ಟ್ರೈಗೆ 5 ಅಂಕಗಳಿವೆ.

ವಿಲಿಯಂ ವೆಬ್ ಎಲಿಸನು 1806ರ ನವೆಂಬರ್ 24ರಂದು ಲ್ಯಾಂಕಾಷೈರಿನ ಸ್ಯಾಲ್ಫರ್ಡ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸ್ ಎಲಿಸ್ ಅಶ್ವಸೈನ್ಯದ ಅಧಿಕಾರಿ. ಆ ಕಾಲದಲ್ಲಿ ಇಂಗ್ಲೆಂಡು ನೆಪೋಲಿಯನ್ನನ ಫ್ರಾನ್ಸಿನೊಡನೆ ದೀರ್ಘ ಯುದ್ಧದಲ್ಲಿ ತೊಡಗಿತ್ತು. 1811ರಲ್ಲಿ ಸ್ಪೇನಿನ ಅಲ್ಬುವೇರಾ ಎಂಬಲ್ಲಿ ನಡೆದ ಘೋರ ಕಾಳಗದಲ್ಲಿ ಜೇಮ್ಸ್ ಮಡಿದನು. ಆಗ ವಿಲಿಯಂಗೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ತಾಯಿ ಆ್ಯನ್ ಇಬ್ಬರು ಗಂಡುಮಕ್ಕಳೊಡನೆ ವಿಧವೆಯಾಗಿ ಉಳಿದಳು. ಸೈನ್ಯದಿಂದ ಬರುತ್ತಿದ್ದ ಅಲ್ಪ ವೇತನದಲ್ಲಿ ಮಕ್ಕಳಿಗೆ ಉತ್ತಮ ವಿದ್ಯಾಭ್ಯಾಸ ಕೊಡಿಸುವುದು ಸುಲಭವಾಗಿರಲಿಲ್ಲ.

ಧೈರ್ಯಗೆಡದ ಆ ತಾಯಿ ಒಂದು ಉಪಾಯವನ್ನು ಕಂಡುಕೊಂಡಳು. ವಾರ್ವಿಕ್‌ಷೈರಿನ ರಗ್ಬಿ ಪಟ್ಟಣದಲ್ಲಿ ಒಂದು ಹೆಸರಾಂತ ಶಾಲೆಯಿತ್ತು. ಲಾರೆನ್ಸ್ ಶೆರಿಫ್ ಎಂಬ ದಿನಸಿ ವ್ಯಾಪಾರಿ 1567ರಲ್ಲಿ ತನ್ನ ಊರಿನ ಬಡಮಕ್ಕಳಿಗಾಗಿ ಸ್ಥಾಪಿಸಿದ ಶಾಲೆ ಅದು. ಕಾಲಕ್ರಮದಲ್ಲಿ ಅದು ಸಿರಿವಂತರ ಮಕ್ಕಳು ಬಂದು ತಂಗುವ ವಿದ್ಯಾಲಯವಾಗಿ ಬೆಳೆದಿದ್ದರೂ ಮೂಲದಾನಿಯ ಇಚ್ಛೆಯಂತೆ ಪಟ್ಟಣದ ಸುತ್ತ 10 ಮೈಲಿಗಳೊಳಗೆ ವಾಸಿಸುವ ಕುಟುಂಬಗಳ ಮಕ್ಕಳು ಶುಲ್ಕವಿಲ್ಲದೆ ಕಲಿಯಬಹುದಾಗಿತ್ತು. ಆ್ಯನ್ ತನ್ನ ಮನೆಯನ್ನೇ ರಗ್ಬಿ ಪಟ್ಟಣಕ್ಕೆ ಬದಲಾಯಿಸಿದಳು. ಹಿರಿಯ ಮಗ ಥಾಮಸ್ ಮತ್ತು ಕಿರಿಯವನಾದ ವಿಲಿಯಂ ಇಬ್ಬರೂ ಆ ಶಾಲೆಯನ್ನು ಸೇರಿದರು. ಅವಳು ಊರು ಬಿಟ್ಟು ಬರದಿದ್ದರೆ ಎಲಿಸನ ಹೆಸರು ರಗ್ಬಿಯ ಇತಿಹಾಸದಲ್ಲಿ ಸೇರುತ್ತಲೇ ಇರಲಿಲ್ಲ. ಕಪ್ಪಿನ ಮೇಲೆ ಮಗನ ಹೆಸರಿದೆ. ಆ ಹೆಸರಿನ ನಡುವೆ ನಿಂತಿರುವ ವೆಬ್ ಎಂಬುದು ತಾಯಿಯ ತವರಿನ ಹೆಸರು.

ವಿಲಿಯಂ 1816ರಿಂದ 1825ರವರೆಗೆ ರಗ್ಬಿ ಶಾಲೆಯಲ್ಲಿ ಓದಿದನು. ಅವನು ಪಾಠದಲ್ಲಿ ಜಾಣ, ಕ್ರಿಕೆಟಿನಲ್ಲಿ ನಿಪುಣ. ಆ ಕಾಲದಲ್ಲಿ ಇಂಗ್ಲೆಂಡಿನ ಒಂದೊಂದು ಶಾಲೆಯೂ ತನ್ನದೇ ಆದ ಬಗೆಯ ಕಾಲ್ಚೆಂಡಾಟವನ್ನು ಆಡುತ್ತಿತ್ತು. ದೇಶಕ್ಕೆಲ್ಲ ಒಂದೇ ನಿಯಮವೆಂಬುದು ಇರಲಿಲ್ಲ. ಉಪಾಧ್ಯಾಯರು ಆಟದ ವಿಷಯದಲ್ಲಿ ತಲೆಹಾಕುತ್ತಿರಲಿಲ್ಲ. ಹಿರಿಯ ವಿದ್ಯಾರ್ಥಿಗಳೇ ನಿಯಮಗಳನ್ನು ಮಾಡುತ್ತಿದ್ದರು, ಬೇಕೆನಿಸಿದಾಗ ಬದಲಾಯಿಸುತ್ತಿದ್ದರು. ರಗ್ಬಿ ಶಾಲೆಯ ವಿಶಾಲವಾದ ಹುಲ್ಲುಗಾವಲಿನಲ್ಲಿ ಕೆಲವೊಮ್ಮೆ ನೂರಾರು ಹುಡುಗರು ಒಟ್ಟಿಗೆ ಇಳಿದು ಆಡುತ್ತಿದ್ದರು. ಹಾರಿಬಂದ ಚೆಂಡನ್ನು ಕೈಯಲ್ಲಿ ಹಿಡಿಯಲು ಅಲ್ಲಿ ಅಡ್ಡಿಯಿರಲಿಲ್ಲ. ಆದರೆ ಹಿಡಿದವನು ಹಿಂದಕ್ಕೆ ಸರಿದು ಚೆಂಡನ್ನು ಒದೆಯಬೇಕಾಗಿತ್ತು. ಅವನು ಒದೆಯುವವರೆಗೂ ಎದುರಾಳಿಗಳು ಅವನು ಚೆಂಡು ಹಿಡಿದ ಸ್ಥಳವನ್ನು ದಾಟಿ ಬರುವಂತಿರಲಿಲ್ಲ. ಚೆಂಡನ್ನು ಹಿಡಿದುಕೊಂಡು ಮುಂದಕ್ಕೆ ಓಡುವುದು ನಿಷಿದ್ಧವಾಗಿತ್ತು.

ಪ್ರಸಿದ್ಧವಾದ ಕಥೆ ಹುಟ್ಟಿಕೊಳ್ಳುವುದು ಇಲ್ಲಿಯೇ. 1823ನೆಯ ಇಸವಿಯ ಉತ್ತರಾರ್ಧದಲ್ಲಿ ಒಂದು ದಿನ ಹದಿನಾರರ ಪ್ರಾಯದ ಎಲಿಸನು ಚೆಂಡನ್ನು ಹಿಡಿದನಂತೆ. ರೂಢಿಯಂತೆ ಹಿಂದಕ್ಕೆ ಸರಿಯುವ ಬದಲು ಅವನು ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಎದುರಾಳಿಗಳ ಗುರಿಯತ್ತ ನೇರವಾಗಿ ಓಡಿದನಂತೆ. ನೋಡುತ್ತಿದ್ದವರು ಬೆರಗಾದರಂತೆ. ಆ ಒಂದು ಓಟದಿಂದ ಹೊಸದೊಂದು ಆಟವೇ ಉದಯಿಸಿತಂತೆ. ಕೇಳಲು ಇಂಪಾದ ಕಥೆ. ಇದಕ್ಕೆ ಆಧಾರವೇನೆಂಬುದನ್ನು ಮುಂದೆ ನೋಡೋಣ. ಎಲಿಸನ ಜೀವನ ಆ ದಿನಕ್ಕೆ ಮುಗಿಯಲಿಲ್ಲ. ಅವನು ಇನ್ನೂ ಸುಮಾರು ಅರ್ಧ ಶತಮಾನ ಬದುಕಿದನು.

ಶಾಲೆಯನ್ನು ಬಿಟ್ಟ ಮೇಲೆ ಎಲಿಸನು 1826ರಲ್ಲಿ ಆಕ್ಸ್‌ಫರ್ಡಿನ ಬ್ರೇಸ್‌ನೋಸ್ ಕಾಲೇಜನ್ನು ಸೇರಿದನು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ನಡುವೆ ಮೊದಲ ಕ್ರಿಕೆಟ್ ಪಂದ್ಯ ನಡೆದದ್ದು 1827ರಲ್ಲಿ, ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ. ಆ ಪಂದ್ಯದಲ್ಲಿ ಎಲಿಸನು ಆಕ್ಸ್‌ಫರ್ಡಿನ ಪರವಾಗಿ ಆಡಿದನು. ಹೀಗೆ ಅವನ ಕ್ರಿಕೆಟಿಗೆ ಖಚಿತವಾದ ದಾಖಲೆ ಇದೆ. ಅವನ ರಗ್ಬಿಗೆ ಅಂಥ ದಾಖಲೆ ಇಲ್ಲ. ವಿದ್ಯಾಭ್ಯಾಸ ಮುಗಿಸಿ ಪದವಿಗಳನ್ನು ಪಡೆದ ಎಲಿಸನು ಕ್ರೈಸ್ತ ಧರ್ಮಗುರುವಾದನು. ಮೊದಲು ಲಂಡನ್ನಿನ ಸೇಂಟ್ ಜಾರ್ಜ್ ಪ್ರಾರ್ಥನಾಮಂದಿರದಲ್ಲಿಯೂ, ಬಳಿಕ ಸೇಂಟ್ ಕ್ಲೆಮೆಂಟ್ ಡೇನ್ಸ್ ಎಂಬ ಪ್ರಸಿದ್ಧ ಚರ್ಚಿನಲ್ಲಿಯೂ ಸೇವೆ ಸಲ್ಲಿಸಿದನು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಅವನು ನೀಡಿದ ಪ್ರವಚನವೊಂದು ಜನರ ಗಮನ ಸೆಳೆಯಿತು. ಆ ಸಂದರ್ಭದಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ಅವನ ಚಿತ್ರವನ್ನು ಪ್ರಕಟಿಸಿತು. ನಮಗೆ ದೊರೆತಿರುವ ಅವನ ರೂಪ ಅದೊಂದೇ. ಚೆಂಡು ಹಿಡಿದು ಓಡುವ ಹುಡುಗನಾಗಿ ಇಂದು ಶಿಲ್ಪಗಳಲ್ಲಿ ಕಾಣುವ ಎಲಿಸನು ಆ ಚಿತ್ರದಲ್ಲಿ ನಿಲುವಂಗಿ ತೊಟ್ಟ ಗಂಭೀರ ಪಾದ್ರಿ.

1855ರಲ್ಲಿ ಎಲಿಸನು ಎಸೆಕ್ಸ್ ಪ್ರಾಂತದ ಮ್ಯಾಗ್ಡಲೆನ್ ಲೇವರ್ ಎಂಬ ಸಣ್ಣ ಗ್ರಾಮದ ಧರ್ಮಗುರುವಾಗಿ ನೇಮಕಗೊಂಡನು. ಅವನು ಮದುವೆಯಾಗಲಿಲ್ಲ. 1872ರಲ್ಲಿ ದಕ್ಷಿಣ ಫ್ರಾನ್ಸಿನ ಕಡಲತೀರದ ಮಾಂತೋಂ ಪಟ್ಟಣದಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಅವನು ನಿಧನನಾದನು. ತಾನು ಗಳಿಸಿದ್ದ ಸುಮಾರು 9,000 ಪೌಂಡುಗಳಲ್ಲಿ ಬಹುಭಾಗವನ್ನು ಧರ್ಮಕಾರ್ಯಗಳಿಗೆ ಬಿಟ್ಟುಹೋದನು. ಬಡವಿಧವೆಯ ಮಗನಾಗಿ ದಾನದ ವಿದ್ಯೆಯನ್ನು ಪಡೆದವನು ತನ್ನ ಸಂಪಾದನೆಯನ್ನು ದಾನಕ್ಕೇ ಹಿಂದಿರುಗಿಸಿದನೆಂಬುದು ಅವನ ಬಾಳಿನ ಬೆಲೆಯುಳ್ಳ ಸಂಗತಿ. ಶಾಲೆಯ ಮೈದಾನದಲ್ಲಿ ತಾನು ಮಾಡಿದ ಸಾಹಸವನ್ನು ಕುರಿತು ಅವನು ಬರೆದಿಟ್ಟ ಒಂದು ಸಾಲೂ ದೊರೆತಿಲ್ಲ.

ಎಲಿಸನು ಚರ್ಚುಗಳಲ್ಲಿ ಸೇವೆ ಸಲ್ಲಿಸುತ್ತಿದ್ದ ಈ ದಶಕಗಳಲ್ಲಿ ರಗ್ಬಿ ಶಾಲೆಯ ಆಟ ತನ್ನಷ್ಟಕ್ಕೆ ತಾನು ಬೆಳೆಯುತ್ತಿತ್ತು. 1838-39ರ ಸುಮಾರಿನಲ್ಲಿ ಜೆಮ್ ಮ್ಯಾಕಿ ಎಂಬ ಬಲಿಷ್ಠ ವಿದ್ಯಾರ್ಥಿಯೊಬ್ಬನು ಚೆಂಡು ಹಿಡಿದು ಓಡುವುದರಲ್ಲಿ ಹೆಸರಾದನು. ಅವನ ಓಟಗಳಿಂದ ಆ ರೂಢಿ ಬಲಗೊಂಡಿತು. 1841-42ರಲ್ಲಿ ವಿದ್ಯಾರ್ಥಿಗಳು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರು. 1845ರಲ್ಲಿ ಮೂವರು ಹಿರಿಯ ವಿದ್ಯಾರ್ಥಿಗಳು ಕುಳಿತು ಆಟದ ನಿಯಮಗಳನ್ನು ಮೊದಲ ಬಾರಿಗೆ ಬರವಣಿಗೆಗೆ ಇಳಿಸಿದರು. ಚೆಂಡಿನ ಆಕಾರಕ್ಕೂ ಒಂದು ಕಾರಣವಿದೆ. ಶಾಲೆಯ ಎದುರಿಗೇ ಅಂಗಡಿ ಇಟ್ಟಿದ್ದ ಚಮ್ಮಾರರು ಹಂದಿಯ ಮೂತ್ರಕೋಶವನ್ನು ಬಾಯಿಯಿಂದ ಊದಿ ಉಬ್ಬಿಸಿ, ಅದರ ಮೇಲೆ ತೊಗಲು ಹೊಲಿದು ಚೆಂಡು ತಯಾರಿಸುತ್ತಿದ್ದರು. ಮೂತ್ರಕೋಶದ ಉದ್ದುರುಟು ಆಕಾರವೇ ಚೆಂಡಿಗೂ ಬಂದಿತು. ಈ ಕಸುಬಿನಲ್ಲಿ ವಿಲಿಯಂ ಗಿಲ್ಬರ್ಟ್ ಮತ್ತು ರಿಚರ್ಡ್ ಲಿಂಡನ್ ಹೆಸರಾದವರು. ಕೊಳೆತ ಮೂತ್ರಕೋಶಗಳನ್ನು ಊದುವುದು ಆರೋಗ್ಯಕ್ಕೆ ಅಪಾಯಕರವಾದ ಕೆಲಸವಾಗಿತ್ತು. ಲಿಂಡನ್ನನ ಹೆಂಡತಿ ಅದರಿಂದಲೇ ರೋಗ ತಗುಲಿ ತೀರಿಕೊಂಡಳೆಂದು ಹೇಳುತ್ತಾರೆ. ಲಿಂಡನ್ನನು ಮುಂದೆ ರಬ್ಬರಿನ ಒಳಚೀಲವನ್ನೂ ಗಾಳಿ ತುಂಬುವ ಪಂಪನ್ನೂ ಬಳಕೆಗೆ ತಂದನು.

ಶಾಲೆ ಬಿಟ್ಟ ಹುಡುಗರು ಹೋದಲ್ಲೆಲ್ಲ ಆಟವನ್ನು ಕೊಂಡೊಯ್ದರು. 1863ರಲ್ಲಿ ಲಂಡನ್ನಿನ ಸಂಘಗಳು ಒಂದೇ ಬಗೆಯ ಕಾಲ್ಚೆಂಡಾಟದ ನಿಯಮಗಳನ್ನು ರೂಪಿಸಲು ಸೇರಿದಾಗ ಚೆಂಡು ಹಿಡಿದು ಓಡುವುದನ್ನೂ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದನ್ನೂ ಕೈಬಿಡಬೇಕೆಂಬ ಅಭಿಪ್ರಾಯ ಬಲವಾಯಿತು. ಬ್ಲ್ಯಾಕ್‌ಹೀತ್ ಸಂಘ ಅದನ್ನು ಒಪ್ಪದೆ ಹೊರನಡೆಯಿತು. ಫುಟ್‌ಬಾಲ್ ಮತ್ತು ರಗ್ಬಿಗಳ ದಾರಿ ಹೀಗೆ ಕವಲೊಡೆಯಿತು. 1871ರ ಜನವರಿ 26ರಂದು 21 ಸಂಘಗಳ ಪ್ರತಿನಿಧಿಗಳು ಲಂಡನ್ನಿನ ಉಪಾಹಾರ ಗೃಹವೊಂದರಲ್ಲಿ ಸೇರಿ ರಗ್ಬಿ ಒಕ್ಕೂಟವನ್ನು ಸ್ಥಾಪಿಸಿದರು. ವಾಸ್ಪ್ಸ್ ಎಂಬ ಸಂಘದ ಪ್ರತಿನಿಧಿ ದಾರಿ ತಪ್ಪಿ ಬೇರೊಂದು ಕಡೆಗೆ ಹೋದ ಕಾರಣ ಆ ಸಂಘಕ್ಕೆ ಸ್ಥಾಪಕರ ಪಟ್ಟಿಯಲ್ಲಿ ಸ್ಥಾನ ತಪ್ಪಿತೆಂಬುದು ಇಂದಿಗೂ ನಗುತ್ತ ಹೇಳುವ ಸಂಗತಿ. ಅದೇ ವರ್ಷದ ಮಾರ್ಚ್ 27ರಂದು ಎಡಿನ್‌ಬರೋ ನಗರದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಪಂದ್ಯದಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡನ್ನು ಸೋಲಿಸಿತು. ಆಗ ತಂಡಕ್ಕೆ 20 ಮಂದಿ ಆಟಗಾರರಿದ್ದರು.

ಈ ಆಟಕ್ಕೂ ನಮ್ಮ ದೇಶಕ್ಕೂ ಇರುವ ನಂಟು ಸ್ವಾರಸ್ಯವಾದುದು. ಎಲಿಸನು ತೀರಿಕೊಂಡ 1872ರಲ್ಲಿಯೇ, ಡಿಸೆಂಬರ್ 25ರಂದು, ಕಲ್ಕತ್ತೆಯಲ್ಲಿ ನೆಲಸಿದ್ದ ಆಂಗ್ಲರು ಒಂದು ರಗ್ಬಿ ಪಂದ್ಯವನ್ನು ಆಡಿದರು. ಮರುವರ್ಷ ಅಲ್ಲಿ ಒಂದು ಸಂಘ ಏರ್ಪಟ್ಟಿತು. ಆದರೆ ಬಂಗಾಳದ ಸೆಕೆ ಆಟಕ್ಕೆ ಒಗ್ಗಲಿಲ್ಲ. ಆಡುತ್ತಿದ್ದ ಸೈನಿಕರ ದಳವೊಂದು ಬೇರೆಡೆಗೆ ಹೋಯಿತು. ಟೆನ್ನಿಸ್, ಪೋಲೊ ಆಟಗಳು ಜನರನ್ನು ಸೆಳೆದವು. ಸಂಘವನ್ನು ಮುಚ್ಚುವ ಕಾಲ ಬಂದಾಗ ಸದಸ್ಯರು ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಹಂಚಿಕೊಳ್ಳಲಿಲ್ಲ. ಅದನ್ನು 270 ಬೆಳ್ಳಿಯ ರೂಪಾಯಿಗಳ ರೂಪದಲ್ಲಿ ಪಡೆದು, ಕರಗಿಸಿ, ಒಂದು ಬಟ್ಟಲನ್ನು ಮಾಡಿಸಿ ಇಂಗ್ಲೆಂಡಿನ ಒಕ್ಕೂಟಕ್ಕೆ ಕಳುಹಿಸಿದರು. ನಾಗರಹಾವಿನ ಆಕಾರದ ಮೂರು ಹಿಡಿಕೆಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಆ ಬಟ್ಟಲೇ ಕಲ್ಕತ್ತಾ ಕಪ್. 1879ರಿಂದ ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳು ಅದಕ್ಕಾಗಿ ಸೆಣಸುತ್ತ ಬಂದಿವೆ. ಕನ್ನಡ ನಾಡಿಗೂ ಈ ಆಟದ ಎಳೆಯೊಂದು ತಾಗಿದೆ. ಕೊಡಗಿನ ಕಾಫಿ ತೋಟವೊಂದರಲ್ಲಿ 1895ರಲ್ಲಿ ಹುಟ್ಟಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ವಿಲಿಯಂ ಲೀಫ್ ರಾಬಿನ್ಸನ್ ಎಂಬ ಆಂಗ್ಲ ತರುಣನು ಮುಂದೆ ಇಂಗ್ಲೆಂಡಿನ ಸೇಂಟ್ ಬೀಸ್ ಶಾಲೆಯ ರಗ್ಬಿ ತಂಡದಲ್ಲಿ ಆಡಿದನು. 1916ರಲ್ಲಿ ಜರ್ಮನರ ವಾಯುನೌಕೆಯೊಂದನ್ನು ಹೊಡೆದುರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದ ವಿಮಾನ ಚಾಲಕನು ಇವನೇ.

ಇಷ್ಟೆಲ್ಲ ಆಗುವವರೆಗೆ ಎಲಿಸನ ಹೆಸರು ರಗ್ಬಿಯ ಸಂಬಂಧದಲ್ಲಿ ಅಚ್ಚಿನಲ್ಲಿ ಕಾಣಿಸಿಕೊಂಡಿರಲಿಲ್ಲ. ಅವನು ಸತ್ತು ನಾಲ್ಕು ವರ್ಷಗಳ ಬಳಿಕ, 1876ರಲ್ಲಿ, ಮ್ಯಾಥ್ಯೂ ಬ್ಲಾಕ್ಸಮ್ ಎಂಬ ವಿದ್ವಾಂಸನು ರಗ್ಬಿ ಶಾಲೆಯ ಪತ್ರಿಕೆಗೆ ಒಂದು ಕಾಗದ ಬರೆದನು. ಅವನು ಅದೇ ಶಾಲೆಯ ಹಳೆಯ ವಿದ್ಯಾರ್ಥಿ; ಪ್ರಾಚೀನ ವಸ್ತುಗಳಲ್ಲಿಯೂ ಕಟ್ಟಡಗಳಲ್ಲಿಯೂ ಆಸಕ್ತನಾದವನು. ಚೆಂಡು ಹಿಡಿದು ಓಡುವ ರೂಢಿಯನ್ನು ಆರಂಭಿಸಿದವನು ಎಲಿಸನೆಂದು ತನಗೆ ತಿಳಿದುಬಂದಿರುವುದಾಗಿ ಅವನು ತಿಳಿಸಿದನು. ಯಾರಿಂದ ತಿಳಿಯಿತೆಂಬುದನ್ನು ಹೇಳಲಿಲ್ಲ. ಆ ಕಾಗದದಲ್ಲಿ 1824 ಎಂದು ಕಾಲವನ್ನು ಸೂಚಿಸಿದವನು 1880ರಲ್ಲಿ ಮತ್ತೆ ಬರೆದಾಗ ಅದನ್ನು 1823ಕ್ಕೆ ತಿದ್ದಿ, ಕಥೆಗೆ ಇನ್ನಷ್ಟು ವಿವರಗಳನ್ನು ಸೇರಿಸಿದನು. ಗಮನಿಸಬೇಕಾದ ಸಂಗತಿಯೆಂದರೆ, ಬ್ಲಾಕ್ಸಮ್‌ನು ಆ ಘಟನೆ ನಡೆಯಿತೆನ್ನಲಾದ ಕಾಲಕ್ಕೆ ಮೊದಲೇ ಶಾಲೆಯನ್ನು ಬಿಟ್ಟಿದ್ದನು. ಅವನು ಹೇಳಿದ್ದು ಕಂಡದ್ದಲ್ಲ, ಕೇಳಿದ್ದು.

ಈ ಕಥೆ ಹಲವು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಮರುಜೀವ ಬಂದದ್ದು 1895ರಲ್ಲಿ. ಅದು ರಗ್ಬಿಯ ಇತಿಹಾಸದಲ್ಲಿಯೇ ದೊಡ್ಡ ಒಡಕಿನ ವರ್ಷ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಈ ಆಟವನ್ನು ಗಣಿಗಳಲ್ಲಿಯೂ ನೂಲಿನ ಗಿರಣಿಗಳಲ್ಲಿಯೂ ದುಡಿಯುವ ಜನ ಆಡುತ್ತಿದ್ದರು. ಪಂದ್ಯಕ್ಕಾಗಿ ಕೆಲಸ ಬಿಟ್ಟರೆ ಅವರಿಗೆ ಆ ದಿನದ ಕೂಲಿ ಹೋಗುತ್ತಿತ್ತು. ಕಳೆದುಹೋದ ಕೂಲಿಯನ್ನಾದರೂ ತುಂಬಿಕೊಡಬೇಕೆಂದು ಅವರ ಸಂಘಗಳು ಕೇಳಿಕೊಂಡವು. ಆಟಕ್ಕೆ ಹಣ ಪಡೆಯುವುದು ಸಲ್ಲದೆಂದು ಒಕ್ಕೂಟದ ಮುಖಂಡರು ನಿರಾಕರಿಸಿದರು. ಅವರಲ್ಲಿ ಬಹುಮಂದಿ ಸಿರಿವಂತರ ಶಾಲೆಗಳಲ್ಲಿ ಕಲಿತವರು. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಗಳ ಕಷ್ಟ ಅವರಿಗೆ ತಿಳಿದಿರಲಿಲ್ಲ. 1895ರ ಆಗಸ್ಟ್ 29ರಂದು ಉತ್ತರದ ಸಂಘಗಳು ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಸಭೆ ಸೇರಿ ಒಕ್ಕೂಟದಿಂದ ಬೇರೆಯಾದವು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ, ತಂಡಕ್ಕೆ 13 ಆಟಗಾರರ ಇನ್ನೊಂದು ಪ್ರಕಾರ ಹುಟ್ಟಿದ್ದು ಹೀಗೆ.

ಅದೇ 1895ರಲ್ಲಿ ರಗ್ಬಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ ಆಟದ ಮೂಲವನ್ನು ಪತ್ತೆಹಚ್ಚಲು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿತು. ಬ್ಲಾಕ್ಸಮ್‌ನು ಆಗಲೇ ತೀರಿಕೊಂಡಿದ್ದನು. ಸಮಿತಿ ಹಳಬರಿಗೆ ಪತ್ರಗಳನ್ನು ಬರೆದು ವಿಚಾರಿಸಿತು. ಎಲಿಸನ ಕಾಲದಲ್ಲಿಯೇ ಶಾಲೆಯಲ್ಲಿದ್ದ ಥಾಮಸ್ ಹ್ಯಾರಿಸ್ ಎಂಬ ವೃದ್ಧನು ಎಲಿಸನನ್ನು ಚೆನ್ನಾಗಿ ನೆನಪಿಟ್ಟಿದ್ದನು. ತನ್ನ ದಿನಗಳಲ್ಲಿ ಚೆಂಡು ಹಿಡಿದು ಓಡುವುದಕ್ಕೆ ಕಟ್ಟುನಿಟ್ಟಾದ ನಿಷೇಧವಿತ್ತೆಂದೂ, ಎಲಿಸನು ಆಟದಲ್ಲಿ ನ್ಯಾಯ ಮೀರಿ ಲಾಭ ಪಡೆಯುವ ಪ್ರವೃತ್ತಿಯವನೆಂಬ ಮಾತಿತ್ತೆಂದೂ ಅವನು ತಿಳಿಸಿದನು. ಆದರೆ ತನ್ನನ್ನು ಪ್ರಮಾಣವಾಗಿ ಉದಾಹರಿಸಬಾರದೆಂದು ಕೇಳಿಕೊಂಡನು. ರಗ್ಬಿ ಶಾಲೆಯ ಜೀವನವನ್ನು ಕುರಿತ ಕಾದಂಬರಿಯಿಂದ ಪ್ರಖ್ಯಾತನಾದ ಥಾಮಸ್ ಹ್ಯೂಸ್ 1834ರಲ್ಲಿ ಶಾಲೆಗೆ ಸೇರಿದವನು. ತನ್ನ ಕಾಲದಲ್ಲಿ ಚೆಂಡು ಹಿಡಿದು ಓಡುವವನು ಪ್ರಾಣಕ್ಕೇ ಅಪಾಯ ತಂದುಕೊಳ್ಳುತ್ತಿದ್ದನೆಂದೂ, ಎಲಿಸನ ಕಥೆಯನ್ನು ತಾನಲ್ಲಿ ಕೇಳಿರಲಿಲ್ಲವೆಂದೂ ಅವನು ಬರೆದನು. ಕಣ್ಣಾರೆ ಕಂಡೆನೆಂದು ಹೇಳುವ ಒಬ್ಬ ಸಾಕ್ಷಿಯೂ ದೊರೆಯಲಿಲ್ಲ. ಆದರೂ 1897ರಲ್ಲಿ ಪ್ರಕಟವಾದ ವರದಿ ಎಲಿಸನೇ ಮೊದಲಿಗನಾಗಿರಬಹುದೆಂದು ತೀರ್ಮಾನಿಸಿತು. 1900ರಲ್ಲಿ ಶಾಲೆಯ ಮೈದಾನದ ಗೋಡೆಯಲ್ಲಿ ಒಂದು ಶಿಲಾಫಲಕವನ್ನು ನೆಡಲಾಯಿತು. ವರದಿಯಲ್ಲಿದ್ದ ಸಂಭವವು ಫಲಕದಲ್ಲಿ ನಿಶ್ಚಯವಾಗಿಬಿಟ್ಟಿತು.

ಆಟವು ದುಡಿಯುವ ಜನರ ಕೈಗೆ ಜಾರುತ್ತಿದ್ದ ಹೊತ್ತಿನಲ್ಲಿಯೇ ಅದು ತಮ್ಮ ಶಾಲೆಯ ಹುಡುಗನೊಬ್ಬನ ಸೃಷ್ಟಿಯೆಂದು ಸಾರುವುದು ಕೆಲವರಿಗೆ ಅನುಕೂಲವಾಗಿತ್ತೆಂದು ಇತಿಹಾಸಕಾರರಲ್ಲಿ ಹಲವರು ಅಭಿಪ್ರಾಯಪಟ್ಟಿದ್ದಾರೆ. ಉದ್ದೇಶವೇನೇ ಇರಲಿ, ಕಥೆ ಮಾತ್ರ ಲೋಕಪ್ರಿಯವಾಯಿತು. ಮರೆತುಹೋಗಿದ್ದ ಎಲಿಸನ ಸಮಾಧಿಯನ್ನು 1958ರಲ್ಲಿ ಮಾಂತೋಂ ಪಟ್ಟಣದಲ್ಲಿ ಗುರುತಿಸಲಾಯಿತು. 1987ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಗಳಲ್ಲಿ ಮೊದಲ ವಿಶ್ವಕಪ್ ಪಂದ್ಯಾವಳಿ ನಡೆದಾಗ ಬಂಗಾರದ ಲೇಪವುಳ್ಳ ಬೆಳ್ಳಿಯ ಬಟ್ಟಲಿಗೆ ವೆಬ್ ಎಲಿಸ್ ಕಪ್ ಎಂದು ಹೆಸರಿಡಲಾಯಿತು. 1995ರಲ್ಲಿ ದಕ್ಷಿಣ ಆಫ್ರಿಕದ ಅಧ್ಯಕ್ಷ ನೆಲ್ಸನ್ ಮಂಡೇಲಾ ಅವರು ತಮ್ಮ ದೇಶದ ತಂಡದ ಹಸಿರು ಅಂಗಿಯನ್ನೇ ತೊಟ್ಟು ಆ ಕಪ್ಪನ್ನು ನಾಯಕನಿಗೆ ನೀಡಿದರು. ವರ್ಣದ್ವೇಷದಿಂದ ಸೀಳಿಹೋಗಿದ್ದ ನಾಡಿಗೆ ಅದು ಸಮಾಧಾನದ ಸಂಕೇತವಾಗಿ ತೋರಿತು. ಅದೇ ವರ್ಷ ರಗ್ಬಿ ಯೂನಿಯನ್ ಆಟಗಾರರು ಹಣ ಪಡೆಯಲು ಒಪ್ಪಿಗೆ ದೊರೆಯಿತು. ಗಣಿ ಕಾರ್ಮಿಕರು ಕೇಳಿದ್ದ ನ್ಯಾಯಕ್ಕೆ ಸರಿಯಾಗಿ ನೂರು ವರ್ಷ ಹಿಡಿಯಿತು.

ಹಾಗಾದರೆ ಕೇಳಿದ ಕಥೆಯನ್ನು ನಾವು ಹೇಗೆ ಒರೆಗೆ ಹಚ್ಚಬೇಕು? ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನು ಚಿನ್ನದ ನಿಕ್ಷೇಪವನ್ನು ಹುಡುಕುವಾಗ ಬಂಡೆಯ ಮೇಲೆ ಕೊರೆದ ಬರಹವೊಂದನ್ನು ಕಂಡನು. ದೇಶದ ನಾನಾ ಕಡೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯನೆಂದು ತನ್ನನ್ನು ಕರೆದುಕೊಂಡ ಅರಸನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೆ ಅಶೋಕನ ಹೆಸರೂ ಇತ್ತು. ಊಹೆ ಅಂದು ಪ್ರಮಾಣವಾಯಿತು. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಕಲ್ಲೊಂದಿದೆ. 1294ರ ಶಾಸನವುಳ್ಳ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಬಗೆಯನ್ನು ಶಿಲ್ಪಿಗಳು ಅಲ್ಲಿಯೇ ಚಿತ್ರಿಸಿದ್ದಾರೆ. ಇವು ಆಯಾ ಕಾಲದವರೇ ಬಿಟ್ಟುಹೋದ ಸಾಕ್ಷ್ಯಗಳು. ರಗ್ಬಿ ಶಾಲೆಯ ಫಲಕವೂ ಕಲ್ಲೇ. ಆದರೆ ಅದನ್ನು ಕೊರೆದದ್ದು ಘಟನೆ ನಡೆಯಿತೆನ್ನುವ ಕಾಲಕ್ಕೆ 77 ವರ್ಷಗಳ ತರುವಾಯ, ಅದನ್ನು ಕಾಣದವರ ಮಾತಿನ ಮೇಲೆ. ಕಲ್ಲಿನ ಮೇಲೆ ಬರೆದ ಮಾತ್ರಕ್ಕೆ ಯಾವುದೂ ಸತ್ಯವಾಗುವುದಿಲ್ಲ; ಯಾರು, ಯಾವಾಗ, ಯಾವ ಆಧಾರದಿಂದ ಬರೆದರೆಂಬುದನ್ನು ಕೇಳಬೇಕು.

ಹೀಗೆ ಹೇಳುವುದರಿಂದ ಎಲಿಸನ ಹಿರಿಮೆಗೆ ಕುಂದಾಗುವುದಿಲ್ಲ. ಅವನು ತಾನಾಗಿ ಯಾವ ಕೀರ್ತಿಯನ್ನೂ ಬೇಡಿದವನಲ್ಲ, ಸುಳ್ಳು ಹೇಳಿದವನಲ್ಲ. ಅವನು ಒಂದು ದಿನ ಚೆಂಡು ಹಿಡಿದು ಓಡಿರಲೂಬಹುದು. ಅವನಿಗಿಂತ ಮೊದಲೂ ಆಮೇಲೂ ಬೇರೆ ಹುಡುಗರು ಓಡಿರಲೂಬಹುದು. ಒಬ್ಬನ ಓಟದಿಂದ ಆಟ ಹುಟ್ಟುವುದಿಲ್ಲ. ಉಳಿದವರು ಅದನ್ನು ಒಪ್ಪಿ, ಕಲಿತು, ನಿಯಮವಾಗಿ ಮಾಡಿಕೊಂಡಾಗ ಹುಟ್ಟುತ್ತದೆ. ಆ ಉಳಿದವರಲ್ಲಿ ಮೊಣಕಾಲು ಕೆತ್ತಿಕೊಂಡ ನೂರಾರು ಶಾಲಾಬಾಲಕರಿದ್ದರು, ನಿಯಮ ಬರೆದ ಮೂವರು ವಿದ್ಯಾರ್ಥಿಗಳಿದ್ದರು, ಚೆಂಡು ಹೊಲಿದ ಚಮ್ಮಾರರಿದ್ದರು, ಕೂಲಿ ಕಳೆದುಕೊಂಡು ಆಡಿದ ಗಣಿ ಕಾರ್ಮಿಕರಿದ್ದರು. ಅವರಲ್ಲಿ ಬಹುಪಾಲು ಜನರ ಹೆಸರು ಯಾವ ಫಲಕದ ಮೇಲೆಯೂ ಇಲ್ಲ. ಕಬಡ್ಡಿಯನ್ನು ನಮಗೆ ಕೊಟ್ಟವರ ಹೆಸರುಗಳೂ ಹಾಗೆಯೇ ಅಳಿದುಹೋಗಿವೆ. ವೆಬ್ ಎಲಿಸನ ಹೆಸರಿನ ಕಪ್ಪನ್ನು ಎತ್ತಿಹಿಡಿದಾಗಲೆಲ್ಲ ಹೆಸರಿಲ್ಲದ ಆ ಹಲವರನ್ನೂ ನೆನೆಯುವುದು ನ್ಯಾಯವಾದುದು.